ಪುಟ್ಟ ಕೈಗಳ ಉಪಕಾರಕ್ಕೆ ಬೆಲೆ ಕಟ್ಟಬೇಕೆ?

ಮಕ್ಕಳಲ್ಲಿ ಪರೋಪಕಾರ ಬುದ್ಧಿಯನ್ನು ಬೆಳೆಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಬೆಳೆಸುವ ಬಗೆ ಯಾವುದೆಂಬಲ್ಲಿ ನಾವು ಎಡವುತ್ತೇವೆ. “ಅಜ್ಜಿಗೆ ನೀರು ತಂದುಕೊಡು, ಚಾಕೊಲೇಟು ಕೊಡುತ್ತೇನೆ” ಎಂಬ ಮಾತು ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಇದು ಪ್ರೋತ್ಸಾಹವೇ, ವ್ಯಾಪಾರವೇ?

ಆಸೆ ತೋರಿಸದೆ ಮಗು ನೆರವಾಗದು ಎಂಬ ಗ್ರಹಿಕೆ ಈ ಮಾತಿನ ಹಿಂದಿದೆ. ಜರ್ಮನಿಯ ಲೈಪ್‌ಜಿಗ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೇಲ್ ಟೊಮಸೆಲೊ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಲ್ಲಗಳೆಯುತ್ತದೆ. ಬಟ್ಟೆ ಒಣಹಾಕುವವರ ಕೈಯಿಂದ ಕ್ಲಿಪ್ಪು ಜಾರಿ ಬಿದ್ದು ಎಟುಕದಿರುವುದೇ ಮೊದಲಾದ ಸಂದರ್ಭಗಳನ್ನು 18 ತಿಂಗಳ ಮಕ್ಕಳ ಮುಂದೆ ಒಡ್ಡಲಾಯಿತು. ಬಹುಮಾನದ ಸುಳಿವಿಲ್ಲದೆಯೇ 24 ಮಕ್ಕಳ ಪೈಕಿ 22 ಮಕ್ಕಳು ಒಮ್ಮೆಯಾದರೂ ನೆರವಾದವು. 2008ರ ಅವರ ಮತ್ತೊಂದು ಅಧ್ಯಯನದಲ್ಲಿ, ನೆರವಿಗೆ ಪ್ರತಿಯಾಗಿ ವಸ್ತುವನ್ನು ಪಡೆದ 20 ತಿಂಗಳ ಮಕ್ಕಳು ಅನಂತರ ಉಳಿದವರಿಗಿಂತ ಕಡಿಮೆ ನೆರವಾದರು. ಬರಿಯ ಮೆಚ್ಚುಗೆಯ ಮಾತು ಪಡೆದವರಲ್ಲಿ ಆ ಕುಂದು ಕಾಣಲಿಲ್ಲ.

ವ್ರತಿಯು ತೊರೆಯಬೇಕಾದ ಮೂರು ಶಲ್ಯಗಳಲ್ಲಿ ನಿದಾನವೂ, ಎಂದರೆ ಮುಂದಿನ ಭೋಗದ ಅಪೇಕ್ಷೆಯೂ, ಒಂದೆಂದು ನಮ್ಮ ಆಚಾರ್ಯರು ಎಣಿಸಿದ್ದಾರೆ. ಸೇವಾರೂಪವಾದ ವೈಯಾವೃತ್ತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಸೇರಿಸಿದ್ದಾರೆ. ಶಿಶುವಿಗೆ ವ್ರತದ ಹೊಣೆಯಿಲ್ಲ, ನಿಜ. ಆದರೂ ಅದರ ಸಹಜ ಸೇವೆಗೆ ಬೆಲೆ ಕಟ್ಟಿದರೆ, ಮುಂದೆ ಕೀಳಬೇಕಾದ ಮುಳ್ಳನ್ನು ಇಂದು ನಾವೇ ನೆಟ್ಟಂತಾಗುತ್ತದೆ.

ಇದಕ್ಕೆ ಸಮನಾದ ಇನ್ನೊಂದು ದೋಷ ತಿರಸ್ಕಾರ. ತಾಯಿ ಪೂಜೆಯ ಅಕ್ಕಿಯನ್ನು ಆರಿಸುತ್ತಿರುವಾಗ ಮಗು ಬಳಿ ಬಂದರೆ “ಚೆಲ್ಲುತ್ತೀಯೆ, ಆಚೆ ಹೋಗು” ಎನ್ನುತ್ತೇವೆ. ಅದೇ ಮಗುವಿಗೆ ಹತ್ತು ವರ್ಷ ತುಂಬಿದಾಗ “ಕರೆದರೂ ಬರುವುದಿಲ್ಲ” ಎಂದು ದೂರುತ್ತೇವೆ. ಚೆಲ್ಲಿದ ಹಿಡಿ ಅಕ್ಕಿಯನ್ನು ಮಗುವಿನೊಡನೆ ಕುಳಿತು ಆಯ್ದುಕೊಳ್ಳಬಹುದು. ಮುದುಡಿದ ಮನಸ್ಸನ್ನು ಮತ್ತೆ ಅರಳಿಸುವುದು ಸುಲಭವಲ್ಲ.

ಬಸದಿಯ ಆಡಳಿತ ಮಂಡಳಿಗಳೂ ಇದನ್ನು ಯೋಚಿಸಬೇಕು. ಉತ್ಸವದ ದಿನ ಮಕ್ಕಳನ್ನು ಸುಮ್ಮನೆ ಕುಳ್ಳಿರಿಸಿ ಕೊನೆಯಲ್ಲಿ ಬಹುಮಾನ ಹಂಚುವುದಕ್ಕಿಂತ, ಪಾದರಕ್ಷೆಗಳನ್ನು ಸಾಲಾಗಿ ಇಡುವ, ಹಿರಿಯರಿಗೆ ಸೋಸಿದ ನೀರು ತಂದುಕೊಡುವ ಕೆಲಸವನ್ನು ಅವರಿಗೆ ವಹಿಸುವುದು ಲೇಸು. ಕೆಲಸ ಮುಗಿದಾಗ “ನಿನ್ನಿಂದ ಅಜ್ಜನ ಬಾಯಾರಿಕೆ ತೀರಿತು” ಎಂದರೆ ಸಾಕು. ತನ್ನಿಂದ ಇನ್ನೊಂದು ಜೀವಕ್ಕೆ ಹಿತವಾಯಿತೆಂಬ ಅರಿವೇ ಮಗುವಿಗೆ ದೊರೆಯಬೇಕಾದ ಫಲ.