ಗುಂಡು ಎಲ್ಲಿ ಕೂರಬೇಕು? ರಿವರ್ಸ್ ಶೋಲ್ಡರ್ ಕೀಲಿನ ಒಂದು ಮೀಮಾಂಸೆ

ವಿಷಯ

ರೋಣ, ನರಗುಂದ, ಗಜೇಂದ್ರಗಡದ ಕಡೆ ವಯಸ್ಸಾದವರ ನಡುವೆ ಕೂತರೆ “ಕೈ ಮ್ಯಾಲೆ ಎತ್ತಾಕ ಬರವಲ್ತು” ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಎರೆಹೊಲದಲ್ಲಿ ಕಡಲೆ ಕಿತ್ತು, ಹತ್ತಿ ಬಿಡಿಸಿ, ಹೊರೆ ಹೊತ್ತ ಹೆಗಲುಗಳು ಅವು. ಗಜೇಂದ್ರಗಡದಲ್ಲಾದರೆ ಮಗ್ಗದ ಮುಂದೆ ಲಾಳಿ ಓಡಿಸಿದ ಹೆಗಲುಗಳೂ ಹೌದು. ವಯಸ್ಸು, ದುಡಿತ, ಎಂದೋ ಬಿದ್ದ ಪೆಟ್ಟು ಎಲ್ಲ ಸೇರಿ ಹೆಗಲಿನೊಳಗಿನ ರೊಟೇಟರ್ ಕಫ್ ಎಂಬ ಸ್ನಾಯುರಜ್ಜುಗಳ ಪಟ್ಟಿ ಹರಿಯುತ್ತದೆ. ತೋಳಿನ ಮೂಳೆಯ ತಲೆಯನ್ನು ಅದರ ಆಳವಿಲ್ಲದ ಗುಳಿಯಲ್ಲಿ ಹಿಡಿದಿಡುವುದೇ ಆ ಪಟ್ಟಿ. ಅದು ಪೂರ್ತಿ ಹರಿದರೆ ಹೊರಗಿನ ಡೆಲ್ಟಾಯ್ಡ್ ಸ್ನಾಯು ಎಷ್ಟೇ ಜಗ್ಗಿದರೂ ಮೂಳೆಯ ತಲೆ ಮೇಲಕ್ಕೆ ಜಾರಿ ಹೆಗಲಿನ ತುದಿಗೆ ಬಡಿಯುತ್ತದೆಯೇ ಹೊರತು ಕೈ ಏಳುವುದಿಲ್ಲ.

ಇಂಥ ಹೆಗಲಿಗೆ ಫ್ರಾನ್ಸಿನ ಡಿಜೋನ್ ನಗರದ ಪಾಲ್ ಗ್ರಾಮೋಂ 1985ರಲ್ಲಿ ಬೇರೊಂದು ದಾರಿ ತೋರಿದರು. ಗುಳಿ ಇದ್ದಲ್ಲಿ ಗುಂಡು, ಗುಂಡು ಇದ್ದಲ್ಲಿ ಬಟ್ಟಲು. ಹೀಗೆ ತಿರುವುಮುರುವಾದದ್ದೇ ರಿವರ್ಸ್ ಕೀಲು. ಹೆಗಲಮೂಳೆಯ ಗುಳಿಗೆ ಸ್ಕ್ರೂಗಳಿಂದ ತಟ್ಟೆ ಬಿಗಿದು ಅದರ ಮೇಲೆ ಲೋಹದ ಅರ್ಧಗೋಲ, ತೋಳಿನ ಮೂಳೆಯೊಳಗೆ ಇಳಿಸಿದ ಕಂಬಿಯ ತಲೆಗೆ ಪ್ಲಾಸ್ಟಿಕ್ ಬಟ್ಟಲು. 1970ರ ದಶಕದ ಇಂಥ ಪ್ರಯತ್ನಗಳಲ್ಲಿ ಗುಂಡಿನ ಕೇಂದ್ರ ಮೂಳೆಯಿಂದ ದೂರ ನಿಂತು, ಹೆಗಲಮೂಳೆಗೆ ಬಿಗಿದ ಭಾಗ ಸಡಿಲವಾಗುತ್ತಿತ್ತು. ಗ್ರಾಮೋಂ ಆ ಕೇಂದ್ರವನ್ನು ಒಳಕ್ಕೂ ಕೆಳಕ್ಕೂ ತಂದರು. ಡೆಲ್ಟಾಯ್ಡ್‌ಗೆ ಹಿಡಿತ ಹೆಚ್ಚಿತು, ಕಫ್ ಇಲ್ಲದೆಯೂ ಕೈ ಎದ್ದಿತು.

ಸಂಶಯ

ಕೇಂದ್ರ ಒಳಕ್ಕೆ ಬಂದಾಗ ತೋಳಿನ ಮೂಳೆಯೂ ಹೆಗಲಮೂಳೆಗೆ ಹತ್ತಿರವಾಯಿತು. ಕೈ ಕೆಳಗಿಳಿಸಿದಾಗ ಬಟ್ಟಲಿನ ಒಳ ಅಂಚು ಗುಳಿಯ ಕೆಳಗಿನ ಮೂಳೆಗೆ ತಾಗುತ್ತದೆ. ಹೊರಕ್ಕೆ ತಿರುಗಿಸಿದಾಗ ಹಿಂದೆ, ಒಳಕ್ಕೆ ತಿರುಗಿಸಿದಾಗ ಮುಂದೆ, ಎತ್ತಿದಾಗ ಮೇಲೆ ತಾಗಬಹುದು. ಕೆಳಗಿನ ತಾಗುವಿಕೆ ದಿನವೂ ನಡೆದರೆ ಮೂಳೆ ಸವೆದು ಕಚ್ಚು ಬೀಳುತ್ತದೆ. ಫ್ರಾನ್ಸಿನ ಸಿರ್ವೋ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ 80 ಹೆಗಲುಗಳ ಅಧ್ಯಯನದಲ್ಲಿ ಹೆಚ್ಚೂಕಡಿಮೆ ಮೂರರಲ್ಲಿ ಎರಡು ಹೆಗಲುಗಳಿಗೆ ಇಂಥ ಕಚ್ಚಿತ್ತು. ಅದನ್ನು ಅಳೆಯಲು ನಾಲ್ಕು ದರ್ಜೆಗಳಿವೆ: ಮೂಳೆಯ ಅಂಚಿಗಷ್ಟೇ ಸೀಮಿತವಾದದ್ದು ಮೊದಲನೆಯದು, ತಟ್ಟೆಯ ಅಡಿಯವರೆಗೂ ಹೊಕ್ಕದ್ದು ನಾಲ್ಕನೆಯದು.

ಹಾಗಾದರೆ ಈ ತಾಗುವಿಕೆ ಗ್ರಾಮೋಂ ಉಪಾಯದ ಜೊತೆಗೇ ಬಂದ, ತಪ್ಪಿಸಲಾಗದ ದೋಷವೇ? ಗುಂಡಿನ ಜಾಗ ಬದಲಿಸಿ ತಡೆಯಬಹುದಾದದ್ದೇ?

ಪೂರ್ವಪಕ್ಷ

“ನೋವು ಹೋಗಿ ಕೈ ಎದ್ದರೆ ಕೆಲಸ ಆಯಿತು. ಕಚ್ಚು ಎಕ್ಸ್‌ರೇಯಲ್ಲಿ ಕಾಣುವ ಗುರುತು ಅಷ್ಟೆ. ಗುಂಡನ್ನು ಎಲ್ಲಿ ಕೂರಿಸಬೇಕೆಂಬುದು ಡಾಕ್ಟರಿಗೆ ಬಿಟ್ಟದ್ದು. ರೋಗಿಯ ಬದುಕಿಗೂ ಅದಕ್ಕೂ ಸಂಬಂಧವಿಲ್ಲ.”

ಸಿದ್ಧಾಂತ

ತಾಗುವಿಕೆಯನ್ನು ಬಹುಮಟ್ಟಿಗೆ ತಡೆಯಬಹುದು. ತಡೆಯುವುದು ಗುಂಡು ಕೂತ ಜಾಗ. ಆ ಜಾಗವನ್ನು ಆರಿಸುವಾಗ ರೋಗಿ ದಿನನಿತ್ಯ ಕೈಯಿಂದ ಮಾಡುವ ಕೆಲಸಗಳನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಮೊದಲ ಸೂತ್ರ: ಗುಂಡು ಕೆಳಗೆ ಕೂರಬೇಕು. ಜ್ಯೂರಿಕ್‌ನ ನಿಫೆಲರ್ ಮತ್ತು ಸಂಗಡಿಗರು 2005ರಲ್ಲಿ ಶವದ ಹೆಗಲುಗಳ ಮೇಲೆ ನಾಲ್ಕು ಬಗೆಯ ಜೋಡಣೆಗಳನ್ನು ಹೋಲಿಸಿದರು. ಗುಂಡಿನ ಕೆಳ ಅಂಚು ಗುಳಿಯ ಅಂಚನ್ನು ದಾಟಿ ಕೆಳಗೆ ಚಾಚಿದ ಜೋಡಣೆಯಲ್ಲೇ ತೋಳು ಎಲ್ಲಕ್ಕಿಂತ ಸರಾಗವಾಗಿ ಆಡಿತು. ಎರಡನೆಯದು: ತಟ್ಟೆ ಮೇಲ್ಮುಖವಾಗಿ ಓರೆಯಾಗಬಾರದು. ಮೂರನೆಯದು: ಗುಂಡು ಮಿತವಾಗಿ ಹೊರಕ್ಕೆ ಸರಿಯಬೇಕು. ನೀಸ್ ನಗರದ ಬ್ವಾಲೋ ಇದಕ್ಕಾಗಿ ರೋಗಿಯ ತೋಳಿನ ಮೂಳೆಯ ತಲೆಯಿಂದಲೇ ಬಿಲ್ಲೆಯೊಂದನ್ನು ಕೊಯ್ದು ತಟ್ಟೆಯ ಹಿಂದೆ ಇಡುವ ಕ್ರಮವನ್ನು 2011ರಲ್ಲಿ ಪ್ರಕಟಿಸಿದರು. ನಾಲ್ಕನೆಯದು: ಬಟ್ಟಲಿನ ಕೋನ. ಗ್ರಾಮೋಂ ವಿನ್ಯಾಸದ 155 ಡಿಗ್ರಿಗಿಂತ ಈಚಿನ 145, 135 ಡಿಗ್ರಿಯ ವಿನ್ಯಾಸಗಳಲ್ಲಿ ಕೆಳಗಿನ ತಾಗುವಿಕೆ ಕಡಿಮೆ.

ಆಕ್ಷೇಪ, ಸಮಾಧಾನ

*ಕಚ್ಚು ಬಿದ್ದರೂ ಎಷ್ಟೋ ಜನ ಆರಾಮಾಗಿದ್ದಾರಲ್ಲ?* ಇದ್ದಾರೆ, ಸಣ್ಣ ಕಚ್ಚು ವರ್ಷಗಟ್ಟಲೆ ಹಾಗೇ ನಿಲ್ಲಬಹುದು. ಆದರೆ ಸಿರ್ವೋ ಅಧ್ಯಯನದಲ್ಲಿ ದೊಡ್ಡ ಕಚ್ಚಿದ್ದವರ ಹೆಗಲು ಕಡಿಮೆ ಕೆಲಸ ಮಾಡುತ್ತಿತ್ತು. ಸವೆದ ಪ್ಲಾಸ್ಟಿಕ್ಕಿನ ಪುಡಿಯೂ ಮೂಳೆಯನ್ನು ತಿನ್ನುತ್ತದೆ. ಇನ್ನೂ ಮುಖ್ಯವಾದ ಮಾತೊಂದಿದೆ. ಮೂಳೆಗೆ ತಾಗಿದ ಬಿಂದುವೇ ಆನಿಕೆಯಾಗಿ, ಹಾರೆ ಹಾಕಿ ಕಲ್ಲು ಮೀಟಿದಂತೆ ತೋಳು ಗುಂಡಿನಿಂದ ಎದ್ದು ಕೀಲು ತಪ್ಪಬಹುದು. ಎಕ್ಸ್‌ರೇಯ ಗುರುತು ಮಾತ್ರ ಎನ್ನುವ ವಾದ ಇಲ್ಲಿಗೆ ಬೀಳುತ್ತದೆ.

*ಹಾಗಾದರೆ ಎಷ್ಟಾಗುತ್ತದೋ ಅಷ್ಟು ಕೆಳಕ್ಕೆ, ಅಷ್ಟು ಹೊರಕ್ಕೆ ತಂದರಾಯಿತಲ್ಲ?* ಆಗದು. ತೀರಾ ಕೆಳಗಿಳಿದರೆ ಡೆಲ್ಟಾಯ್ಡ್ ಅತಿಯಾಗಿ ಬಿಗಿದು, ನರಗಳು ಜಗ್ಗುತ್ತವೆ. ಹೆಗಲ ತುದಿಯ ಅಕ್ರೋಮಿಯನ್ ಮೂಳೆ ಆ ಜಗ್ಗಾಟಕ್ಕೆ ಸೀಳಬಹುದು. ಮೂಳೆ ಟೊಳ್ಳಾದ ವೃದ್ಧೆಯರಲ್ಲಿ ಈ ಭಯ ಹೆಚ್ಚು. ತೀರಾ ಹೊರಕ್ಕೆ ಹೋದರೆ ತಟ್ಟೆಯ ಮೇಲಿನ ಮೀಟುಬಲ ಏರಿ, 1970ರ ದಶಕದ ಹಳೆಯ ತೊಂದರೆಯೇ ಮರಳುತ್ತದೆ. ಆದ್ದರಿಂದಲೇ ಇಲ್ಲಿ ಮಿಲಿಮೀಟರುಗಳ ಲೆಕ್ಕ.

*ತಾಗುವಿಕೆ ಎನ್ನುವುದು ವ್ಯಾಯಾಮ ಮಾಡದವರ ಕುಂಟುನೆಪವಲ್ಲವೇ?* ಬಿಗಿತ ಬೇರೆ, ತಡೆ ಬೇರೆ. ಸ್ನಾಯುವಿನ ಬಿಗಿತ ವಾರಗಳು ಕಳೆದಂತೆ ಸಡಿಲಾಗುತ್ತದೆ. ಮೂಳೆಗೆ ಬಟ್ಟಲಿನ ಅಂಚು ತಾಗಿ ನಿಂತ ಕೈ ಪ್ರತಿಸಲವೂ ಅದೇ ಕೋನದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿ ಬಲವಂತವಾಗಿ ಒತ್ತಿದರೆ ಕೇಡೇ. ಮೊದಲು ಎಕ್ಸ್‌ರೇ, ಬೇಕಾದರೆ ಸಿಟಿ ಸ್ಕ್ಯಾನ್ ಆಗಲಿ. ರೋಗಿಯನ್ನು ಸೋಮಾರಿ ಎನ್ನುವುದು ಬೇಡ.

*ಇಷ್ಟೆಲ್ಲ ಲೆಕ್ಕಾಚಾರ ದೊಡ್ಡ ನಗರದ ದುಡ್ಡಿದ್ದವರಿಗಲ್ಲವೇ?* ನ್ಯಾವಿಗೇಷನ್ ಯಂತ್ರ, ರೋಗಿಗೆಂದೇ ಅಚ್ಚು ಹಾಕಿಸಿದ ಗೈಡ್ ದುಬಾರಿ, ನಿಜ. ಆದರೆ ತಟ್ಟೆಯನ್ನು ಗುಳಿಯ ಕೆಳ ಅಂಚಿಗೆ ಸರಿಯಾಗಿ ಕೂರಿಸಲು ಹೆಚ್ಚಿನ ಒಂದು ರೂಪಾಯಿಯೂ ಬೇಡ. ಆ ಅಂಚನ್ನು ಪೂರ್ತಿ ಬಿಡಿಸಿ ಕಣ್ಣಾರೆ ನೋಡಿ ತೂತು ಕೊರೆಯುವ ತಾಳ್ಮೆ ಬೇಕು. ಸಿಟಿ ಸ್ಕ್ಯಾನ್ ಗದಗದಲ್ಲೂ ಹುಬ್ಬಳ್ಳಿಯಲ್ಲೂ ಇದೆ. ಬಡವರ ಹೆಗಲಿಗೆ ಅಂದಾಜು ಸಾಕು ಎನ್ನುವುದನ್ನು ಒಪ್ಪಲಾಗದು: ಎರಡನೆಯ ಆಪರೇಷನ್ನಿನ ಖರ್ಚು ತಡೆಯಲಾಗದವರೂ ಅವರೇ.

*ಮೂಳೆಯ ಲೆಕ್ಕದಲ್ಲಿ ರೋಗಿಯ ಬದುಕೇಕೆ ಬರಬೇಕು?* ಈ ಮೀಮಾಂಸೆಯ ತಿರುಳೇ ಇದು. ಕುರ್ಚಿಯ ಮೇಲೆ ಬದುಕುವವರ ಹೆಗಲು ಮತ್ತು ನೆಲದ ಮೇಲೆ ಬದುಕುವವರ ಹೆಗಲು ಒಂದೇ ಕೆಲಸ ಮಾಡುವುದಿಲ್ಲ. ನಮ್ಮ ಅಜ್ಜಿ ನೆಲಕ್ಕೆ ಕೂತು ರೊಟ್ಟಿ ಬಡಿಯುತ್ತಾಳೆ, ಕೈಯೂರಿ ಏಳುತ್ತಾಳೆ. ಹಾಗೆ ಏಳುವಾಗ ತೋಳು ಮೈಗೆ ಹತ್ತಿ, ಹಿಂದಕ್ಕೆ ಸರಿದು, ಒಳಕ್ಕೆ ತಿರುಗಿ ಮೈಭಾರ ಹೊರುತ್ತದೆ. ಈ ಕೀಲು ತಪ್ಪುವ ಭಯ ಅತಿ ಹೆಚ್ಚಿರುವ ಭಂಗಿಯೇ ಅದು. ಶೌಚದ ನಂತರ ನೀರಿನಿಂದ ತೊಳೆದುಕೊಳ್ಳಲು ಎಡಗೈ ಒಳಕ್ಕೆ ತಿರುಗಿ ಹಿಂದಕ್ಕೆ ಹೋಗಬೇಕು. ರಿವರ್ಸ್ ಕೀಲಿನಲ್ಲಿ ಕಷ್ಟಕ್ಕೆ ಸಿಗುವ ಚಲನೆಯೂ ಅದೇ. ರೂಮಾಲು ಸುತ್ತಲು, ತುರುಬು ಕಟ್ಟಲು ಕೈ ಎದ್ದು ಹೊರಕ್ಕೆ ತಿರುಗಬೇಕು. ಬೆನ್ನು ಬಾಗಿದವರಲ್ಲಿ ಹೆಗಲಮೂಳೆಯೇ ಮುಂದಕ್ಕೆ ವಾಲಿರುತ್ತದೆ. ಮಲಗಿಸಿ ತೆಗೆದ ಚಿತ್ರದಲ್ಲಿ ಸರಿಯಾಗಿ ಕಂಡ ಗುಂಡು ಅವರು ಎದ್ದು ಕೂತಾಗ ಬೇರೆ ಕಡೆ ತಾಗಬಹುದು.

ಪ್ರಯೋಜನ

ಆಪರೇಷನ್ನಿಗೆ ಮೊದಲು ಡಾಕ್ಟರು ಕೇಳಬೇಕಾದ ಪ್ರಶ್ನೆಗಳಿವೆ: ಯಾವ ಕೈಯಿಂದ ತೊಳೆದುಕೊಳ್ಳುತ್ತೀರಿ? ನೆಲದಿಂದ ಹೇಗೆ ಏಳುತ್ತೀರಿ? ಮಗ್ಗಕ್ಕೆ ಮತ್ತೆ ಕೂರುತ್ತೀರಾ? ಇನ್ನೊಂದು ಹೆಗಲು ಹೇಗಿದೆ? ಎರಡೂ ಹೆಗಲು ಕೆಟ್ಟವರಿಗೆ ಒಂದಾದರೂ ಕೈ ಹಿಂದಕ್ಕೆ ಹೋಗುವಂತೆ ನೋಡಿಕೊಳ್ಳಬೇಕು. ಡಾಕ್ಟರು ಕೇಳದಿದ್ದರೆ ಮನೆಯವರೇ ಹೇಳಬೇಕು, ಸಂಕೋಚ ಬೇಡ. ಮನೆಗೆ ಮರಳುವ ಮುನ್ನವೇ ಎತ್ತರದ ಮಂಚ, ಕೂರಲು ಕುರ್ಚಿ, ಹಿಡಿಕೆಯಿರುವ ಕಮೋಡು ಸಿದ್ಧವಿರಲಿ. ಸಾಮಾನ್ಯವಾಗಿ ಮೊದಲ 12 ವಾರ ಆ ಕೈಯೂರಿ ಏಳುವಂತಿಲ್ಲ. ನೋವಿಲ್ಲದಿದ್ದರೂ ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಿ ಹಳೆಯದರ ಪಕ್ಕ ಇಟ್ಟು ನೋಡಬೇಕು. ಕಚ್ಚು ಬೆಳೆಯುತ್ತಿದೆಯೋ ನಿಂತಿದೆಯೋ ಗೊತ್ತಾಗುವುದು ಹಾಗೆಯೇ.

ಕೈ ಎಷ್ಟು ಡಿಗ್ರಿ ಎದ್ದಿತು ಎಂಬುದೊಂದರಿಂದಲೇ ಈ ಶಸ್ತ್ರಚಿಕಿತ್ಸೆಯ ಗೆಲುವನ್ನು ಅಳೆಯಬಾರದು. ಮುಪ್ಪಿನಲ್ಲಿ ತನ್ನ ಶೌಚ, ತನ್ನ ಸ್ನಾನ, ತನ್ನ ಉಡುಗೆಯನ್ನು ತಾನೇ ನೋಡಿಕೊಳ್ಳುವುದು ಮನುಷ್ಯನ ಮರ್ಯಾದೆಯ ಮಾತು. ಗುಂಡಿನ ಜಾಗ ಗುರುತಿಸುವ ಕಾಗದದಲ್ಲಿ ಮೊದಲು ಬರೆಯಬೇಕಾದದ್ದು ಅದನ್ನೇ.