ಮದ್ದು ತಂದ ರಕ್ತ, ಮದ್ದು ತಡೆದ ರಕ್ತ

ಋತುಬಂಧದ ಹಾರ್ಮೋನ್ ಚಿಕಿತ್ಸೆಯಲ್ಲಿ ಮುಖ್ಯ ಕೆಲಸ ಈಸ್ಟ್ರೋಜೆನ್‌ನದು. ಇದ್ದಕ್ಕಿದ್ದಂತೆ ಮೈ ಕಾದು ಬೆವರುವುದು, ನಡುರಾತ್ರಿ ಎಚ್ಚರವಾಗುವುದು, ಯೋನಿ ಒಣಗಿ ಉರಿಯುವುದು, ಮೂಳೆ ಸವೆಯುವುದು, ಇವೆಲ್ಲ ಅದರಿಂದ ತಗ್ಗುತ್ತವೆ. ಆದರೆ ಗರ್ಭಕೋಶ ಇರುವ ಹೆಂಗಸಿಗೆ ಈಸ್ಟ್ರೋಜೆನ್ ಒಂದನ್ನೇ ಕೊಡುವಂತಿಲ್ಲ. ಅದು ಗರ್ಭಕೋಶದ ಒಳಪೊರೆಯನ್ನು ದಪ್ಪವಾಗಿಸುತ್ತ ಹೋಗಿ ಕ್ಯಾನ್ಸರ್‌ನ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನಗಳಿಂದ ಗೊತ್ತಾಯಿತು. ಒಳಪೊರೆಯನ್ನು ಹತೋಟಿಯಲ್ಲಿಡಲು ಪ್ರೊಜೆಸ್ಟೆರಾನ್ ಅಥವಾ ಅದನ್ನು ಹೋಲುವ ಇನ್ನೊಂದು ಹಾರ್ಮೋನು ಜೊತೆಗಿರಬೇಕು. ಅದನ್ನು ಮಾತ್ರೆಯಾಗಿ ನುಂಗಬಹುದು. ಇಲ್ಲವೇ ವೈದ್ಯರು ಗರ್ಭಕೋಶದೊಳಗೆ ಇರಿಸುವ ಹಾರ್ಮೋನ್ ವಂಕಿಯಿಂದ ಪಡೆಯಬಹುದು. ಟಿ ಅಕ್ಷರದ ಆಕಾರದ ಈ ಪುಟ್ಟ ಸಾಧನ ಮೊದಲು ಬಳಕೆಗೆ ಬಂದದ್ದು 1990ರಲ್ಲಿ, ಫಿನ್‌ಲ್ಯಾಂಡಿನಲ್ಲಿ. ಋತುಬಂಧದ ಚಿಕಿತ್ಸೆಯಲ್ಲಿ ಬಳಸುವ ವಂಕಿಯಲ್ಲಿ ಪ್ರೊಜೆಸ್ಟೆರಾನನ್ನು ಹೋಲುವ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನು 52 ಮಿಲಿಗ್ರಾಂ ಇರುತ್ತದೆ. ಆರಂಭದಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂನಂತೆ ಅದು ನೇರವಾಗಿ ಒಳಪೊರೆಗೆ ಸೇರುತ್ತದೆ, ರಕ್ತಕ್ಕೆ ಸೇರುವ ಪಾಲು ಕಡಿಮೆ. ಈ ಚಿಕಿತ್ಸೆಯ ಭಾಗವಾಗಿ ಬಳಸುವಾಗ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಅದನ್ನು ಬದಲಿಸುತ್ತಾರೆ. ಈಸ್ಟ್ರೋಜೆನ್ ಮಾತ್ರ ಬೇರೆ ದಾರಿಯಲ್ಲಿ, ಚರ್ಮದ ಪಟ್ಟಿ, ಜೆಲ್ ಅಥವಾ ಮಾತ್ರೆಯ ರೂಪದಲ್ಲಿ, ಮೈ ಸೇರುತ್ತದೆ.

ಧರ್ಮದ ಪ್ರಶ್ನೆ ಹುಟ್ಟುವುದು ಈ ಎರಡು ದಾರಿಗಳ ವ್ಯತ್ಯಾಸದಲ್ಲಿ. ಮಾತ್ರೆಯನ್ನು ತಿಂಗಳಲ್ಲಿ 12-14 ದಿನ ಮಾತ್ರ ತೆಗೆದುಕೊಳ್ಳುವ ಪದ್ಧತಿಯಲ್ಲಿ, ಅದನ್ನು ನಿಲ್ಲಿಸಿದಾಗ ಮುಟ್ಟಿನಂತೆಯೇ ರಕ್ತ ಹೋಗುತ್ತದೆ. ಅಂಡಾಣು ಇಲ್ಲ, ಗರ್ಭ ನಿಲ್ಲುವ ಸಾಧ್ಯತೆಯಿಲ್ಲ, ವಯಸ್ಸು ಐವತ್ತು ದಾಟಿದೆ. ಆದರೂ ತಿಂಗಳು ತಿಂಗಳು ರಕ್ತ. ವಂಕಿ ಹಾಕಿಸಿಕೊಂಡವರಲ್ಲಿ ಇದು ತಿರುಗುಮುರುಗು. ಇನ್ನೂ ಮುಟ್ಟಾಗುವ ವಯಸ್ಸಿನಲ್ಲೇ ಅದು ಒಳಪೊರೆಯನ್ನು ತೆಳುಮಾಡಿ ರಕ್ತಸ್ರಾವವನ್ನು ಇಳಿಸುತ್ತದೆ, ಹಲವರಲ್ಲಿ ಪೂರ್ತಿ ನಿಲ್ಲಿಸುತ್ತದೆ. ಅಂಡಾಶಯ ಮಾತ್ರ ಒಳಗೆ ತನ್ನ ಕೆಲಸ ಮಾಡುತ್ತಲೇ ಇರಬಹುದು. ಹಾಕಿಸಿದ ಮೊದಲ ಮೂರರಿಂದ ಆರು ತಿಂಗಳು ಹೊತ್ತುಗೊತ್ತಿಲ್ಲದೆ ಒಂದೆರಡು ತೊಟ್ಟು ರಕ್ತ ಕಾಣಿಸಿಕೊಳ್ಳುವುದೂ ಸಾಮಾನ್ಯ. ವಯಸ್ಸು, ಬಸಿರಾಗುವ ಶಕ್ತಿ, ರಕ್ತ ಈ ಮೂರೂ ಸಾವಿರಾರು ವರ್ಷ ಹೆಚ್ಚುಕಡಿಮೆ ಒಟ್ಟಿಗೇ ಬಂದು ಒಟ್ಟಿಗೇ ಹೋಗುತ್ತಿದ್ದವು. ಅವುಗಳಲ್ಲಿ ಯಾವುದನ್ನು ಉದ್ದೇಶಿಸಿ ತಮ್ಮ ನಿಯಮಗಳು ಮಾತಾಡುತ್ತಿವೆ ಎಂದು ಧರ್ಮಗಳು ಬಿಡಿಸಿ ಹೇಳುವ ಅಗತ್ಯ ಹೆಚ್ಚಾಗಿ ಬಿದ್ದಿರಲಿಲ್ಲ. ಈಗ ಬಿದ್ದಿದೆ.

ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ: ಪ್ರಕೃತಿ ತಾನಾಗಿ ನಿಲ್ಲಿಸಿದ್ದಕ್ಕೆ ಮದ್ದು ಕೊಡುವುದು ಸರಿಯೇ? 1966ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ವಿಲ್ಸನ್ ಬರೆದ ‘ಫೆಮಿನಿನ್ ಫಾರೆವರ್’ ಪುಸ್ತಕ ಋತುಬಂಧವನ್ನು ಕೊರತೆಯ ಕಾಯಿಲೆ ಎಂದೇ ಕರೆಯಿತು. ಹೆಂಗಸು ಹೆಂಗಸಾಗಿ ಉಳಿಯಬೇಕಾದರೆ ಹಾರ್ಮೋನು ಬೇಕು ಎಂಬುದು ಅದರ ಧೋರಣೆ. ಇದು ಹೆಣ್ಣಿನ ಘನತೆಗೆ ಒಪ್ಪುವ ಮಾತಲ್ಲ. ಇನ್ನೊಂದು ತುದಿಯಲ್ಲಿ, ಇದು ಎಲ್ಲರಿಗೂ ಬರುವಂಥದ್ದು, ತಡೆದುಕೊಳ್ಳಬೇಕು ಎನ್ನುವ ಮಾತು ಇದೆ. ತತ್ತ್ವಜ್ಞಾನಿ ಕ್ರಿಸ್ಟೋಫರ್ ಬೂರ್ಸ್ 1977ರಲ್ಲಿ ಮಂಡಿಸಿದ ವಿಚಾರದಂತೆ, ಅದೇ ವಯಸ್ಸಿನ, ಅದೇ ಲಿಂಗದವರಲ್ಲಿ ಸಹಜವಾದ ಸ್ಥಿತಿ ರೋಗವಲ್ಲ. ಆ ಅಳತೆಯಲ್ಲಿ ಋತುಬಂಧ ರೋಗವಲ್ಲ, ನಿಜ. ಆದರೆ ರೋಗವಲ್ಲದ್ದಕ್ಕೆ ಚಿಕಿತ್ಸೆ ಕೂಡದು ಎಂಬ ತೀರ್ಮಾನ ಅದರಿಂದ ಹುಟ್ಟುವುದಿಲ್ಲ. ಹೆರಿಗೆಯೂ ರೋಗವಲ್ಲ, ಅದರ ನೋವನ್ನು ತಗ್ಗಿಸುವುದು ಯಾರಿಗೂ ಈಗ ಪಾಪವಾಗಿ ಕಾಣುವುದಿಲ್ಲ. 1847ರಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಬಳಸಿದಾಗ, ಬೈಬಲ್ಲಿನ ಆದಿಕಾಂಡದಲ್ಲಿ ಹವ್ವಳಿಗೆ ವಿಧಿಸಿದ ನೋವನ್ನು ಮುಂದಿಟ್ಟು ಎತ್ತುವ ಆಕ್ಷೇಪಗಳಿಗೆ ಅವನು ಉತ್ತರ ಬರೆಯಬೇಕಾಗಿ ಬಂದಿತ್ತು.

ಈ ವಿಷಯದಲ್ಲಿ ಸುಶ್ರುತ ಸಂಹಿತೆಯ ನೋಟ ಹೆಚ್ಚು ಹದವಾದದ್ದು. ಅದು ವ್ಯಾಧಿಗಳನ್ನು ಆಗಂತುಕ, ಶಾರೀರ, ಮಾನಸ, ಸ್ವಾಭಾವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಹಸಿವು, ಬಾಯಾರಿಕೆ, ಮುಪ್ಪು, ಸಾವು, ನಿದ್ರೆಗಳನ್ನು ಕೊನೆಯ ಬಗೆಗೆ ಸೇರಿಸುತ್ತದೆ. ಹಸಿವು ಸಹಜ, ಸಹಜವೆಂದು ಯಾರೂ ಅನ್ನ ಬಿಡುವುದಿಲ್ಲ. ಸಹಜವೂ ಹೌದು, ಶಮನಕ್ಕೆ ಯೋಗ್ಯವೂ ಹೌದು ಎಂಬ ಈ ನಿಲುವಿನಲ್ಲಿ ಋತುಬಂಧಕ್ಕೆ ಸರಿಯಾದ ಜಾಗ ಸಿಗುತ್ತದೆ. ರಜಸ್ಸು ಹನ್ನೆರಡನೆಯ ವರ್ಷದಲ್ಲಿ ತೊಡಗಿ ಐವತ್ತಕ್ಕೆ ಕ್ಷಯಿಸುತ್ತದೆ ಎಂದು ಹೇಳುವುದೂ ಇದೇ ಗ್ರಂಥ. ಹಾಗೆಂದು ಮದ್ದು ಎಲ್ಲರಿಗೂ ಬೇಕೆಂದಲ್ಲ. 2002ರ ಜುಲೈನಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ 16,608 ಹೆಂಗಸರ ಮೇಲೆ ನಡೆಸುತ್ತಿದ್ದ ಪ್ರಯೋಗವನ್ನು ನಡುವೆಯೇ ನಿಲ್ಲಿಸಿತು. ಎರಡು ಹಾರ್ಮೋನುಗಳ ಮಾತ್ರೆ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಸ್ವಲ್ಪ ಹೆಚ್ಚಿತ್ತು. ಆ ಹೆಂಗಸರ ಸರಾಸರಿ ವಯಸ್ಸು 63; ಮುಟ್ಟು ನಿಂತು ಬಹಳ ವರ್ಷವಾದವರೇ ಹೆಚ್ಚು. ಆ ಫಲಿತಾಂಶವನ್ನು ಐವತ್ತರ ಆಸುಪಾಸಿನವರಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ ಎಂಬುದು ಆಮೇಲೆ ಸ್ಪಷ್ಟವಾಯಿತು. ಲಾಭ ಮತ್ತು ಅಪಾಯವನ್ನು ಒಬ್ಬೊಬ್ಬರಿಗೂ ಬೇರೆಯಾಗಿಯೇ ತೂಗಬೇಕು.

ಈಗ ರಕ್ತದ ಪ್ರಶ್ನೆ. ವೈದಿಕ ಪರಂಪರೆಯಲ್ಲಿ ಮುಟ್ಟಿನ ಮೂರು ದಿನದ ನಿಯಮಗಳ ಮೂಲವನ್ನು ತೈತ್ತಿರೀಯ ಸಂಹಿತೆಯ ಕಥೆಯೊಂದರಲ್ಲಿ ತೋರಿಸುತ್ತಾರೆ: ವಿಶ್ವರೂಪನನ್ನು ಕೊಂದ ಇಂದ್ರನ ಬ್ರಹ್ಮಹತ್ಯೆಯ ಪಾಪದಲ್ಲಿ ಮೂರನೆಯ ಒಂದು ಪಾಲನ್ನು ಹೆಂಗಸರು ಹೊತ್ತರು ಎಂಬ ಕಥೆ. ಹೊರಗೆ ಕೂರುವುದು, ಅಡುಗೆಮನೆ ದೇವರಮನೆಗೆ ಹೋಗದಿರುವುದು ಈ ನಂಬಿಕೆಯ ಬಳಕೆಯ ರೂಪಗಳು. ಋತುಬಂಧ ಬಂದಾಗ ಮನೆಯ ಹಿರಿಯಳಿಗೆ ಈ ಕಟ್ಟು ಕಳಚುತ್ತದೆ. ವ್ರತ, ಮಡಿ ಅಡುಗೆ, ತೀರ್ಥಯಾತ್ರೆ ಎಲ್ಲಕ್ಕೂ ಆಕೆ ತಡೆಯಿಲ್ಲದೆ ನಿಲ್ಲಬಹುದು. ಎಷ್ಟೋ ಮನೆಗಳಲ್ಲಿ ಇದು ಆಕೆಗೆ ದೊರೆಯುವ ದೊಡ್ಡ ಸ್ವಾತಂತ್ರ್ಯ. ಹಾರ್ಮೋನ್ ಮಾತ್ರೆಯಿಂದ ಮತ್ತೆ ತಿಂಗಳ ರಕ್ತ ಬಂದರೆ ಆ ಸ್ವಾತಂತ್ರ್ಯ ಹೋಯಿತೆ?

ಶಾಸ್ತ್ರದ ಒಳಗಿನಿಂದಲೇ ಇದಕ್ಕೆ ಉತ್ತರ ಸಿಗುತ್ತದೆ. ಆಂಗಿರಸ ಸ್ಮೃತಿಯ ಹೆಸರಿನಲ್ಲಿ ಬರುವ ಒಂದು ನಿಯಮ, ರೋಗದಿಂದ ದಿನವೂ ಹೋಗುವ ರಕ್ತದಿಂದ ಹೆಂಗಸು ಅಶುಚಿಯಾಗುವುದಿಲ್ಲ, ಏಕೆಂದರೆ ಅದು ವಿಕಾರದಿಂದ ಬಂದದ್ದು ಎನ್ನುತ್ತದೆ. ಅಂದರೆ ಕಣ್ಣಿಗೆ ಕಾಣುವ ರಕ್ತವಷ್ಟೇ ಅಲ್ಲ, ಅದರ ಕಾರಣವೂ ಲೆಕ್ಕಕ್ಕೆ ಬರುತ್ತದೆ. ಮದ್ದಿನ ರಕ್ತವನ್ನು ರೋಗದ ರಕ್ತದ ಸಾಲಿಗೆ ಸೇರಿಸುವುದಕ್ಕೆ ಈ ತರ್ಕದಲ್ಲಿ ಅಡ್ಡಿಯಿಲ್ಲ: ಎರಡೂ ಋತುಚಕ್ರದ್ದಲ್ಲ. ವಂಕಿ ಹಾಕಿಸಿದ ಹೊಸತರಲ್ಲಿ ಕಾಣುವ ತೊಟ್ಟು ರಕ್ತಕ್ಕಂತೂ ಈ ಮಾತು ಇನ್ನೂ ಸಲ್ಲುತ್ತದೆ. ಬಳಕೆಯಲ್ಲಿ ಇನ್ನೊಂದು ಆಧಾರವೂ ಇದೆ. ಮದುವೆ, ಗೃಹಪ್ರವೇಶ, ಯಾತ್ರೆಯ ದಿನಕ್ಕೆ ಮುಟ್ಟು ಮುಂದೆ ಹೋಗಲೆಂದು ಮಾತ್ರೆ ನುಂಗುವುದು ಕರ್ನಾಟಕದ ಮನೆಗಳಲ್ಲಿ ಹೊಸದೇನಲ್ಲ. ಮಾತ್ರೆ ತಡೆದ ಮುಟ್ಟು ಮುಟ್ಟಲ್ಲ ಎಂದು ಎಲ್ಲರೂ ಒಪ್ಪಿಯಾಗಿದೆ. ಹಾಗಾದರೆ ಮಾತ್ರೆ ತಂದ ರಕ್ತವೂ ಮುಟ್ಟಲ್ಲ ಎನ್ನಲು ಹಿಂಜರಿಯುವುದೇಕೆ? ರಕ್ತವಿದ್ದರೆ ಕಾರಣ ಕೇಳದೆ ಹೊರಗಿಡುವುದು, ಇಲ್ಲದಿದ್ದರೆ ಕಾರಣ ಕೇಳದೆ ಒಳಗೆ ಬಿಡುವುದು ಅನುಕೂಲದ ರೂಢಿಯಾದೀತೇ ಹೊರತು ಸ್ಮೃತಿಯ ತರ್ಕವಾಗದು.

ಶಬರಿಮಲೆಯ ನಿಯಮ ರಕ್ತವನ್ನು ಬಿಟ್ಟು ವಯಸ್ಸನ್ನು ಹಿಡಿಯಿತು. 10ರಿಂದ 50 ವರ್ಷದ ಹೆಂಗಸರಿಗೆ ಅಲ್ಲಿದ್ದ ನಿರ್ಬಂಧವನ್ನು ಕೇರಳ ಹೈಕೋರ್ಟ್ 1991ರಲ್ಲಿ ಎತ್ತಿಹಿಡಿದರೆ, 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟ್ 4:1ರ ಬಹುಮತದಿಂದ ತೆಗೆದುಹಾಕಿತು. ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರದು ಭಿನ್ನ ತೀರ್ಪು. ದೇವರ ನೈಷ್ಠಿಕ ಬ್ರಹ್ಮಚರ್ಯ ನಿರ್ಬಂಧದ ಸಮರ್ಥಕರ ಮುಖ್ಯ ವಾದವಾಗಿತ್ತು. ವಾದ ಏನೇ ಇರಲಿ, ವಯಸ್ಸಿನ ಗೆರೆ ಮೈಯ ಸ್ಥಿತಿಯನ್ನು ನೋಡುವುದಿಲ್ಲ: ಗರ್ಭಕೋಶ ತೆಗೆಸಿಕೊಂಡ 42ರ ಹೆಂಗಸು ಗೆರೆಯ ಆಚೆ ಉಳಿಯುತ್ತಾಳೆ, ಹಾರ್ಮೋನ್ ಮಾತ್ರೆಯಿಂದ ತಿಂಗಳು ತಿಂಗಳು ರಕ್ತ ಕಾಣುವ 52ರವಳು ಒಳಗೆ ಹೋಗುತ್ತಾಳೆ.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಈ ಪ್ರಶ್ನೆಯನ್ನು ಬುಡದಲ್ಲೇ ಕತ್ತರಿಸಿದರು. ಜನನ, ಮರಣ, ರಜಸ್ಸು, ಜಾತಿ, ಎಂಜಲು ಈ ಐದು ಸೂತಕಗಳೂ ಲಿಂಗವಂತರಿಗೆ ಇಲ್ಲ ಎಂಬುದು ಅವರ ನಿಲುವು. ಇಷ್ಟಲಿಂಗ ಮೈಮೇಲೆ ಸದಾ ಇರಬೇಕಾದದ್ದು. ತಿಂಗಳಿಗೆ ಮೂರು ದಿನ ಅದನ್ನು ಕಳಚಿಡುವ ಮಾತೇ ಬರುವುದಿಲ್ಲ. ಈ ತತ್ತ್ವದಲ್ಲಿ ನಿಂತ ಹೆಂಗಸಿಗೆ ರಕ್ತ ಮದ್ದಿನದೋ ಋತುವಿನದೋ ಎಂದು ಕೇಳುವ ಅಗತ್ಯವೇ ಇಲ್ಲ. ಆಚರಣೆ ಎಲ್ಲ ಮನೆಗಳಲ್ಲೂ ತತ್ತ್ವದಷ್ಟೇ ದೂರ ನಡೆದಿಲ್ಲವೆಂಬುದು ಬೇಸರದ ಸಂಗತಿ.

ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಸೂಕ್ಷ್ಮವಾಗಿ ಚರ್ಚಿಸಿರುವುದು ಇಸ್ಲಾಮಿನ ಕರ್ಮಶಾಸ್ತ್ರ. ಅಲ್ಲಿ ಹೆಂಗಸಿನ ರಕ್ತದಲ್ಲಿ ಎರಡು ಬಗೆ ಮುಖ್ಯ. ಹೈಳ್ ಎಂದರೆ ಮುಟ್ಟು; ಆಗ ನಮಾಝ್, ಉಪವಾಸ ಇಲ್ಲ. ಅದರ ಹೊರಗೆ ಬೀಳುವ ಅಕಾಲದ ಸ್ರಾವ ಇಸ್ತಿಹಾಳತ್. ಆಗ ಪ್ರತಿ ನಮಾಝಿನ ಹೊತ್ತಿಗೂ ಹೊಸದಾಗಿ ವುಳೂ (ಅಂಗಶುದ್ಧಿ) ಮಾಡಿ ನಮಾಝ್ ನಿರ್ವಹಿಸಬೇಕು, ಉಪವಾಸವೂ ಹಿಡಿಯಬೇಕು. ಹನಫೀ ಪಂಥದಲ್ಲಿ ಹೈಳ್ ಕನಿಷ್ಠ ಮೂರು ದಿನ, ಗರಿಷ್ಠ ಹತ್ತು ದಿನ. ಎರಡು ಹೈಳ್‌ಗಳ ನಡುವೆ ಕನಿಷ್ಠ ಹದಿನೈದು ದಿನ ಶುದ್ಧಿ ಇರಬೇಕು. ಕರಾವಳಿಯ ಬ್ಯಾರಿಗಳು ಅನುಸರಿಸುವ ಶಾಫಿಈ ಪಂಥದಲ್ಲಿ ಕನಿಷ್ಠ ಒಂದು ಹಗಲು ಒಂದು ರಾತ್ರಿ, ಗರಿಷ್ಠ ಹದಿನೈದು ದಿನ. ವಂಕಿ ಹಾಕಿಸಿದವರಲ್ಲಿ ಒಂದು ದಿನ ಕಂಡು ಎರಡು ದಿನ ಮರೆಯಾಗಿ ಮತ್ತೆ ಕಾಣುವ ತೊಟ್ಟು ರಕ್ತ ಈ ಲೆಕ್ಕವನ್ನು ಕಠಿಣವಾಗಿಸುತ್ತದೆ. ಒಂದೇ ಬಗೆಯ ಸ್ರಾವಕ್ಕೆ ಎರಡು ಪಂಥಗಳ ಹೆಂಗಸರು ಬೇರೆ ಬೇರೆ ಉತ್ತರ ಪಡೆಯಬಹುದು. ಮಾಲಿಕೀ ಪಂಥ ಹೈಳ್‌ನ ವ್ಯಾಖ್ಯೆಯಲ್ಲೇ ರಕ್ತ ತಾನಾಗಿ ಹೊರಬಂದಿರಬೇಕು ಎಂಬ ಷರತ್ತನ್ನು ಇಟ್ಟಿದೆ. ಮದ್ದಿನಿಂದ ಹೊರಡಿಸಿದ ರಕ್ತದ ಚರ್ಚೆ ಅಲ್ಲಿ ಹಾರ್ಮೋನುಗಳಿಗಿಂತ ಎಷ್ಟೋ ಶತಮಾನ ಹಳೆಯದು.

ಮುಟ್ಟು ಇನ್ನು ಬರಲಾರದು ಎಂಬ ಸ್ಥಿತಿಯೂ ಅಲ್ಲಿ ಕಾನೂನಿನ ವಿಷಯ. ತಲಾಖ್ ಆದ ಹೆಂಗಸಿನ ಇದ್ದತ್ ಕಾಯುವಿಕೆಯನ್ನು ಕುರ್‌ಆನ್ ಮುಟ್ಟಾಗುವವರಿಗೆ ಮೂರು ಋತುಗಳ ಲೆಕ್ಕದಲ್ಲಿ (2:228), ಮುಟ್ಟಿನ ಆಸೆ ಬಿಟ್ಟವರಿಗೆ ಮೂರು ತಿಂಗಳ ಲೆಕ್ಕದಲ್ಲಿ (65:4) ನಿಗದಿ ಮಾಡುತ್ತದೆ. ವಂಕಿಯಿಂದ ರಕ್ತ ನಿಂತ 46ರ ಹೆಂಗಸು ಯಾವ ಲೆಕ್ಕಕ್ಕೆ ಸೇರಬೇಕು? ಆಕೆಯ ಋತುಚಕ್ರ ನಿಂತಿಲ್ಲದಿರಬಹುದು, ಅದರ ಗುರುತು ಮಾತ್ರ ಅಳಿಸಿರಬಹುದು. ಇಂಥಲ್ಲಿ ಪಂಡಿತರಿಗೆ ವೈದ್ಯರ ಮಾತು ಬೇಕಾಗುತ್ತದೆ, ಮತ್ತು ವೈದ್ಯರಿಗೂ ಈ ಸಂದರ್ಭದಲ್ಲಿ ಖಚಿತವಾಗಿ ಹೇಳುವುದು ಸುಲಭವಲ್ಲ. ವಂಕಿ ಇರುವವರಲ್ಲಿ ಋತುಬಂಧವನ್ನು ರಕ್ತ ನಿಂತದ್ದರಿಂದ ಗುರುತಿಸಲಾಗದು.

ಯೆಹೂದಿ ನಿಯಮ ಮಾತ್ರ ಕಾರಣಕ್ಕೆ ಕಡಿಮೆ ಬೆಲೆ ಕೊಡುತ್ತದೆ. ಗರ್ಭಕೋಶದಿಂದ ಬಂದ ರಕ್ತ ಹಾರ್ಮೋನಿನದ್ದಾದರೂ ಸಾಮಾನ್ಯವಾಗಿ ನಿದ್ದಾ, ಅಂದರೆ ಮುಟ್ಟಿನ ಮೈಲಿಗೆ, ಎಂದೇ ಗಣನೆ. ಗಂಡಹೆಂಡತಿ ದೂರವಿದ್ದು ಏಳು ಶುದ್ಧ ದಿನ ಎಣಿಸಬೇಕು. ಗಾಯದ ರಕ್ತಕ್ಕೆ ವಿನಾಯಿತಿ ಉಂಟು. ಹಾಗಾಗಿ ವಂಕಿ ಹಾಕುವಾಗ ಆದ ಗೀರಿನ ರಕ್ತ, ಹಾರ್ಮೋನಿನ ರಕ್ತ ಎಂಬ ವಿಂಗಡಣೆ ಅವರಿಗೆ ಬಹಳ ಮುಖ್ಯ. ಎಷ್ಟೋ ವರ್ಷಗಳ ಮೇಲೆ ಈ ಎಣಿಕೆ ಮುಗಿಯಿತು ಎಂದುಕೊಂಡ ದಂಪತಿಗೆ ಅದು ಮರಳಿ ಬರುವುದು ಸಣ್ಣ ಕಷ್ಟವಲ್ಲ. ರಕ್ತ ತರದ ಪದ್ಧತಿಯನ್ನು ಆರಿಸುವುದು ಅಲ್ಲಿ ವೈದ್ಯಕೀಯ ಆಯ್ಕೆಯಷ್ಟೇ ಧಾರ್ಮಿಕ ಆಯ್ಕೆಯೂ ಆಗುತ್ತದೆ.

ಕ್ಯಾಥೊಲಿಕ್ ಸಭೆಯ ತೊಡಕು ರಕ್ತದ್ದಲ್ಲ, ಸಾಧನದ್ದು. ವಂಕಿ ಮೊದಲು ಬಂದದ್ದು ಗರ್ಭನಿರೋಧಕವಾಗಿ. ಕೃತಕ ಗರ್ಭನಿರೋಧವನ್ನು ಪೋಪ್ ಆರನೆಯ ಪೌಲ್ 1968ರ ‘ಹುಮಾನೆ ವಿಟೆ’ ಪತ್ರದಲ್ಲಿ ತಳ್ಳಿಹಾಕಿದರು. ಅದೇ ಪತ್ರದ 15ನೆಯ ಪರಿಚ್ಛೇದ, ದೇಹದ ರೋಗಕ್ಕೆ ಅಗತ್ಯವಾದ ಚಿಕಿತ್ಸೆಯಿಂದ ಗರ್ಭಕ್ಕೆ ತಡೆಯಾಗುವುದು ಮೊದಲೇ ಗೊತ್ತಿದ್ದರೂ, ಆ ತಡೆಯೇ ಉದ್ದೇಶವಲ್ಲದಿದ್ದರೆ ಚಿಕಿತ್ಸೆ ನ್ಯಾಯಸಮ್ಮತ ಎನ್ನುತ್ತದೆ. ಮುಟ್ಟು ಪೂರ್ತಿ ನಿಂತವಳಿಗೆ ವಂಕಿ ತಡೆಯುವ ಗರ್ಭವೇ ಇಲ್ಲವಾದ್ದರಿಂದ ತೊಡಕು ಮಾಯವಾಗುತ್ತದೆ. ಇನ್ನೂ ಬಸಿರಾಗಬಹುದಾದ 45-48ರ ಹೆಂಗಸಿನಲ್ಲಿ ಅದು ಉಳಿಯುತ್ತದೆ. ವಂಕಿ ಫಲಿತ ಅಂಡ ನೆಲೆಗೊಳ್ಳದಂತೆ ಮಾಡಬಹುದೆಂಬ ಶಂಕೆಯಿಂದ ಕೆಲವು ಕ್ಯಾಥೊಲಿಕ್ ನೀತಿಚಿಂತಕರು ಅಲ್ಲಿ ಮಾತ್ರೆಯೇ ಮೇಲು ಎನ್ನುತ್ತಾರೆ.

ಅಹಿಂಸೆಯನ್ನು ವ್ರತವಾಗಿ ಹಿಡಿದ ಜೈನರಿಗೆ ಮತ್ತು ಕಟ್ಟುನಿಟ್ಟಾದ ಸಸ್ಯಾಹಾರಿಗಳಿಗೆ ಮದ್ದಿನ ಮೂಲ ಮುಖ್ಯ. 1942ರಿಂದ ಅಮೆರಿಕದಲ್ಲಿ ಬಳಕೆಯಲ್ಲಿರುವ ಒಂದು ಬಗೆಯ ಈಸ್ಟ್ರೋಜೆನ್ ಮಾತ್ರೆಯನ್ನು ಗಬ್ಬದ ಕುದುರೆಗಳ ಮೂತ್ರದಿಂದ ತಯಾರಿಸುತ್ತಾರೆ. ಅದಕ್ಕಾಗಿ ಕುದುರೆಗಳನ್ನು ತಿಂಗಳುಗಟ್ಟಲೆ ಕಟ್ಟಿಹಾಕುವ ಪದ್ಧತಿ ಬಹಳ ಟೀಕೆಗೆ ಒಳಗಾಗಿದೆ. ಪಟ್ಟಿ, ಜೆಲ್‌ಗಳಲ್ಲಿರುವ ಎಸ್ಟ್ರಡಯಾಲ್ ಅನ್ನು ಸೋಯಾ, ಕಾಡುಗೆಣಸಿನಂಥ ಸಸ್ಯಮೂಲಗಳಿಂದ ಪಡೆಯಬಹುದು. ಪ್ರೊಜೆಸ್ಟೆರಾನ್ ಕ್ಯಾಪ್ಸೂಲುಗಳ ಮೇಲ್ಪೊರೆ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಾಟಿನ್. ವಂಕಿಗೆ ಆ ಪೊರೆಯ ಅಗತ್ಯವಿಲ್ಲ. ವೈದ್ಯರು ತಾವಾಗಿ ಹೇಳದ ಈ ವಿವರಗಳನ್ನು ಕೇಳಿ ತಿಳಿಯುವ ಹಕ್ಕು ರೋಗಿಗೆ ಇದೆ.

ಇಷ್ಟೆಲ್ಲದರ ನಡುವೆ ತೀರ್ಮಾನ ಯಾರದು? ತನ್ನ ಮೈಯ ರಕ್ತದ ಬಗ್ಗೆ ಹೆಂಗಸಿನ ಮಾತೇ ಪ್ರಮಾಣ ಎಂಬುದನ್ನು ಕಟ್ಟುನಿಟ್ಟಿನ ಪರಂಪರೆಗಳೂ ಒಪ್ಪಿವೆ. ಬೈಬಲ್ಲಿನ ಲೇವಿಯರ ಕಾಂಡದಲ್ಲಿ ಆಕೆ ತನಗಾಗಿ ದಿನ ಎಣಿಸಿಕೊಳ್ಳಬೇಕೆಂದು ಇರುವುದರಿಂದ ಎಣಿಕೆಯಲ್ಲಿ ಆಕೆಯನ್ನು ನಂಬಬೇಕು ಎಂದು ಯೆಹೂದಿಗಳ ಧರ್ಮಗ್ರಂಥ ಟಾಲ್ಮುಡ್ ತೀರ್ಮಾನಿಸುತ್ತದೆ. ಗರ್ಭದಲ್ಲಿರುವುದನ್ನು ಬಚ್ಚಿಡಬಾರದೆಂಬ ಕುರ್‌ಆನಿನ ಆಜ್ಞೆಯಿಂದ ಮುಸ್ಲಿಂ ಪಂಡಿತರೂ ಇಂಥದ್ದೇ ಅರ್ಥ ತೆಗೆದಿದ್ದಾರೆ. ವಂಕಿಯೋ ಮಾತ್ರೆಯೋ ಎಂಬ ಆಯ್ಕೆಯಲ್ಲಿ ಗಂಡ, ಅತ್ತೆ, ಪುರೋಹಿತರ ಮಾತಿಗಿಂತ ಆಕೆಯ ಮಾತು ಮುಂದಿರಬೇಕು ಎನ್ನಲು ಹೊರಗಿನ ತತ್ತ್ವವೇನೂ ಬೇಕಿಲ್ಲ.

ಧಾರ್ಮಿಕ ತೀರ್ಪು ಹೊಗಬಾರದ ಒಂದು ಜಾಗ ಮಾತ್ರ ಇದೆ. ಇದು ಮುಟ್ಟಲ್ಲ ಎಂದು ಶಾಸ್ತ್ರ ಹೇಳಿದ ಮಾತ್ರಕ್ಕೆ ರಕ್ತ ನಿರಪಾಯವಾಗುವುದಿಲ್ಲ. ಚಿಕಿತ್ಸೆ ಪಡೆಯದ ಹೆಂಗಸಿಗೆ ಮುಟ್ಟು ನಿಂತು ವರ್ಷವಾದ ಮೇಲೆ ಒಂದೇ ಸಲ ರಕ್ತ ಕಂಡರೂ, ಚಿಕಿತ್ಸೆಯಲ್ಲಿರುವವಳಿಗೆ ವಂಕಿ ಹಾಕಿಸಿ ಆರು ತಿಂಗಳಾದರೂ ಸ್ರಾವ ನಿಲ್ಲದಿದ್ದರೆ ಅಥವಾ ನಿಂತು ಮತ್ತೆ ಶುರುವಾದರೆ, ಒಳಪೊರೆಯನ್ನು ಸ್ಕ್ಯಾನ್ ಮಾಡಿಸಿ ಬೇಕಿದ್ದರೆ ಅದರ ಚೂರು ತೆಗೆದು ಪರೀಕ್ಷಿಸಲೇಬೇಕು. ಮೈಲಿಗೆಯ ಸಂಕೋಚದಿಂದ ರಕ್ತವನ್ನು ಬಚ್ಚಿಡುವುದೂ, ಇದು ಮೈಲಿಗೆಯಲ್ಲವೆಂಬ ಸಮಾಧಾನದಲ್ಲಿ ಸುಮ್ಮನಾಗುವುದೂ ಒಂದೇ ಅಪಾಯಕ್ಕೆ ದಾರಿ: ಬೇಗ ಕಂಡುಹಿಡಿದರೆ ಗುಣವಾಗುವ ಗರ್ಭಕೋಶದ ಕ್ಯಾನ್ಸರ್ ತಡವಾಗಿ ತಿಳಿಯುತ್ತದೆ.