ತಿಥಿಯ ದಿನ ಕೋಪ ಬಂದರೆ?

ಪ್ರಶ್ನೆ: ಫಾಲ್ಗುಣ ಬಹುಳ ಪಂಚಮಿ ನಮ್ಮ ತಂದೆಯವರ ತಿಥಿ. ಒಂದು ಸೈಟಿನ ವಿಷಯದಲ್ಲಿ ಅಣ್ಣನಿಗೂ ನನಗೂ ಎರಡು ವರ್ಷದಿಂದ ಮಾತಿಲ್ಲ. ಅವನು ಮೈಸೂರಿನಲ್ಲಿ, ನಾನು ಇಲ್ಲಿ ಬೇರೆ ಬೇರೆ ಶ್ರಾದ್ಧ ಮಾಡುತ್ತಿದ್ದೇವೆ. ಕಳೆದ ವರ್ಷ ಪಿಂಡ ಇಡುವಾಗಲೂ ತಲೆಯಲ್ಲಿ ಅವನ ಮೇಲಿನ ಸಿಟ್ಟೇ. ಅದೇ ಸಿಟ್ಟಿನಲ್ಲಿ, ಅಡುಗೆ ತಡವಾಯಿತೆಂದು ಹೆಂಡತಿಯ ಮೇಲೂ ಕೂಗಾಡಿಬಿಟ್ಟೆ. ಆ ಶ್ರಾದ್ಧ ತಂದೆಗೆ ಸಂದಿದೆಯೇ? ಪ್ರಾಯಶ್ಚಿತ್ತವೇನು? ನನ್ನ ಆಫೀಸಿನ ಕ್ರೈಸ್ತ ಸಹೋದ್ಯೋಗಿಯೊಬ್ಬರು ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ 40 ದಿನ ಮಾಂಸದ ಜೊತೆ ಕೋಪವನ್ನೂ ಬಿಡುತ್ತಾರೆ. ಸೋದರನ ಜೊತೆ ಮನಸ್ತಾಪ ಇದ್ದರೆ ದೇವರಿಗೆ ಕಾಣಿಕೆ ಕೊಡಬಾರದು ಅಂತ ಅವರ ಬೈಬಲ್‌ನಲ್ಲಿದೆಯಂತೆ. ನಮ್ಮಲ್ಲೂ ಅಂಥದ್ದು ಇದೆಯೇ?
– ಹೆಸರು ಬೇಡವೆಂದ ಓದುಗರು, ಬೆಂಗಳೂರು

ಉತ್ತರ: ಮೊದಲು ನಿಮ್ಮ ಆತಂಕದ ವಿಷಯ. ಕಳೆದ ವರ್ಷದ ಶ್ರಾದ್ಧವನ್ನು ಮತ್ತೆ ಮಾಡಬೇಕಿಲ್ಲ. ಕರ್ಮದ ಕೊನೆಯಲ್ಲಿ ಮಂತ್ರದಲ್ಲಿ, ಕ್ರಿಯೆಯಲ್ಲಿ, ಭಕ್ತಿಯಲ್ಲಿ ಆದ ಲೋಪಕ್ಕೆ ಕ್ಷಮೆ ಕೇಳಿ, ಅಚ್ಯುತ, ಅನಂತ, ಗೋವಿಂದ ಅಂತ ನಾಮತ್ರಯ ಹೇಳಿ ಕೃಷ್ಣಾರ್ಪಣ ಬಿಡುತ್ತೀರಲ್ಲ, ಅದು ಇದಕ್ಕೇ ಇರುವುದು. ಆದರೆ ಹೆಂಡತಿಗೆ ಬೈದದ್ದು ಮಂತ್ರಲೋಪದ ಲೆಕ್ಕಕ್ಕೆ ಬರುವುದಿಲ್ಲ. ಬೆಳಗಿನ ಜಾವ ಎದ್ದು, ಮಡಿಯುಟ್ಟು, ಬಾಯಿಗೆ ಏನೂ ಹಾಕದೆ ನಿಮ್ಮ ತಂದೆಗಾಗಿ ವಡೆ ಕರಿಯುತ್ತಾ ನಿಂತವರು ಅವರು. ಅದರ ಕ್ಷಮೆಯನ್ನು ಅವರ ಹತ್ತಿರವೇ ಕೇಳಬೇಕು. ಒಂದು ವರ್ಷವಾಯಿತು ಈಗೇನು ಕೇಳೋದು ಅನ್ನಬೇಡಿ, ಅವರು ಮರೆತಿರಲಾರರು.

ನಮ್ಮಲ್ಲೂ ಇದೆಯೇ ಅಂತ ಕೇಳಿದ್ದೀರಿ. ಖಂಡಿತ ಇದೆ, ಅದೂ ಶ್ರಾದ್ಧದ ಪ್ರಕರಣದಲ್ಲೇ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಶ್ರಾದ್ಧವನ್ನು ಪವಿತ್ರಗೊಳಿಸುವ ಮೂರನ್ನು ಹೇಳಿದೆ: ಮಗಳ ಮಗ, ಕುತಪ ಕಾಲ, ಎಳ್ಳು. (ಕುತಪ ಅಂದರೆ ಹಗಲಿನ 15 ಮುಹೂರ್ತಗಳಲ್ಲಿ ಎಂಟನೆಯದು, ಸುಮಾರಾಗಿ ಮಧ್ಯಾಹ್ನದ ಆಚೀಚಿನ 48 ನಿಮಿಷ.) ಅದರ ಜೊತೆಯಲ್ಲೇ ಶ್ರಾದ್ಧದಲ್ಲಿ ಹೊಗಳತಕ್ಕವು ಇನ್ನೂ ಮೂರು ಇವೆ: ಶುಚಿತ್ವ, ಕೋಪ ಇಲ್ಲದಿರುವುದು, ಅವಸರ ಇಲ್ಲದಿರುವುದು. ಎಳ್ಳು ಕರಿಯದೋ ಬಿಳಿಯದೋ ಅಂತ ಪುರೋಹಿತರನ್ನು ಎರಡೆರಡು ಸಲ ಕೇಳ್ತೀವಿ. ಕೋಪದ ಬಗ್ಗೆ ಕೇಳಿದವರು ಈ ಅಂಕಣಕ್ಕೆ ನೀವೇ ಮೊದಲು ಅಂತ ಕಾಣುತ್ತೆ.

ಅವಸರವನ್ನು ಕೋಪದ ಪಕ್ಕದಲ್ಲೇ ಕೂರಿಸಿದ್ದನ್ನು ಗಮನಿಸಿ. ಅರ್ಧ ದಿನದ ರಜೆ, ಮೂರು ಗಂಟೆಗೆ ಮೀಟಿಂಗು, ಪುರೋಹಿತರಿಗೆ ಇನ್ನೆರಡು ಮನೆ, ಬ್ರಾಹ್ಮಣಾರ್ಥಕ್ಕೆ ಬರಬೇಕಾದವರು ಟ್ರಾಫಿಕ್ಕಿನಲ್ಲಿ. ಇಷ್ಟಿದ್ದ ಮೇಲೆ ಸಿಟ್ಟು ಬರದೆ ಇನ್ನೇನು ಬರುತ್ತೆ? ಈ ಸಲ ಪೂರ್ತಿ ದಿನ ರಜೆ ಹಾಕಿ. ಅರ್ಧ ಕೋಪ ಅಲ್ಲೇ ಹೋಗುತ್ತದೆ.

ಅದೇ ಪ್ರಕರಣದಲ್ಲಿ ಇನ್ನೊಂದು ಮಾತಿದೆ. ಬಡಿಸುವಾಗ ಕಣ್ಣೀರು ಹಾಕಿದರೆ ಆ ಅನ್ನ ಪ್ರೇತಗಳಿಗೂ, ಸುಳ್ಳಾಡಿದರೆ ನಾಯಿಗಳಿಗೂ, ಕೋಪಿಸಿಕೊಂಡರೆ ಶತ್ರುಗಳಿಗೂ ಹೋಗುತ್ತದಂತೆ. ಹೆದರಿಸಲಿಕ್ಕೆ ಇದನ್ನು ಹೇಳುತ್ತಿಲ್ಲ. ಆದರೆ ನಿಮ್ಮ ಮಟ್ಟಿಗೆ ಶತ್ರು ಯಾರು? ಅಪ್ಪನಿಗೆಂದು ಮಾಡಿದ ಅಡುಗೆಯನ್ನು ಮನಸ್ಸಿನಲ್ಲಿ ಅಣ್ಣನಿಗೇ ಬಡಿಸುತ್ತಾ ಕೂತಿದ್ದಿರಿ, ಅಪ್ಪನ ನೆನಪಿಗೆ ಜಾಗ ಎಲ್ಲಿತ್ತು?

ಈಗ ನಿಮ್ಮ ಸಹೋದ್ಯೋಗಿಯ ಮಾತು. ಅವರು ಹೇಳಿದ್ದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿದೆ, ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶದ ಭಾಗ. ಕಾಣಿಕೆ ಕೊಡಬಾರದು ಅಂತ ಅಲ್ಲಿಲ್ಲ. ಬಲಿಪೀಠದ ಮುಂದೆಯೇ ಇಟ್ಟು ಹೋಗಿ, ಸೋದರನೊಂದಿಗೆ ರಾಜಿಯಾಗಿ, ಬಂದು ಕೊಡು ಅಂತಿದೆ. ಅದರಲ್ಲೊಂದು ಸೂಕ್ಷ್ಮವಿದೆ. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಅನ್ನುವುದಿಲ್ಲ, ಅವನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ ಅನ್ನುತ್ತದೆ. ತಪ್ಪು ಯಾರದು ಅಂತ ಕೇಳುವುದೇ ಇಲ್ಲ, ನೆನಪಾದವನು ಎದ್ದು ಹೋಗಬೇಕು ಅಷ್ಟೇ. ಕಥೋಲಿಕರ ಪೂಜೆಯಲ್ಲಿ ಪ್ರಸಾದ ಸ್ವೀಕರಿಸುವ ಮುಂಚೆ ಅಕ್ಕಪಕ್ಕದವರಿಗೆ ಶಾಂತಿಯ ವಂದನೆ ಮಾಡುವ ಕ್ರಮವೂ ಇದೆ. ನಮ್ಮ ದೇಶದಲ್ಲಿ ಬಹಳ ಕಡೆ ಕೈಮುಗಿದೇ ಮಾಡುತ್ತಾರೆ.

ಆದರೆ ಒಂದು ವ್ಯತ್ಯಾಸ ನೆನಪಿಡಿ. ಆ ಕಾಣಿಕೆ ಪೀಠದ ಮುಂದೆ ಕಾಯಬಲ್ಲದು, ನಮ್ಮ ತಿಥಿ ಕಾಯುವುದಿಲ್ಲ. ಅಣ್ಣನ ಜೊತೆ ಸರಿಹೋಗಲಿ ಆಮೇಲೆ ಮಾಡೋಣ ಅಂತ ಪಂಚಮಿಯನ್ನು ಷಷ್ಠಿಗೆ ಎಳೆಯಲಾಗದು. ಆದ್ದರಿಂದ ನಮ್ಮಲ್ಲಿ ರಾಜಿಯ ಕೆಲಸ ತಿಥಿಗೆ ಮುಂಚೆಯೇ ಆಗಬೇಕು. ನಿಮಗೆ ಇನ್ನೂ ಮೂರು ವಾರ ಇದೆ.

ಕೋಪವೇ ಬರಬಾರದು ಅಂದರೆ ಗೃಹಸ್ಥನಿಗೆ ನಡೆಯುವ ಮಾತಲ್ಲ. ಎಫೆಸದವರಿಗೆ ಬರೆದ ಪತ್ರದಲ್ಲಿ ಕೋಪ ಬಂದರೂ ಪಾಪ ಮಾಡಬೇಡಿ, ಹೊತ್ತು ಮುಳುಗುವವರೆಗೂ ಅದನ್ನು ಇಟ್ಟುಕೊಳ್ಳಬೇಡಿ ಎಂಬ ಉಪದೇಶವಿದೆ. ಓದಿದಾಗ ನನಗೆ ತಕ್ಷಣ ನೆನಪಾದದ್ದು ನಮ್ಮ ಸಂಧ್ಯಾವಂದನೆ. ಸಾಯಂಕಾಲ ಅಂಗೈಯಲ್ಲಿ ನೀರು ಹಿಡಿದು ಮಂತ್ರ ಹೇಳಿ ಕುಡಿಯುತ್ತೀರಲ್ಲ, ಅದರ ಅರ್ಥವನ್ನು ಎಂದಾದರೂ ಕೇಳಿದ್ದೀರಾ? ಅಗ್ನಿಯೂ ಮನ್ಯುವೂ ಮನ್ಯುವಿನ ಒಡೆಯರೂ ನನ್ನನ್ನು ಕೋಪದಿಂದಾದ ಪಾಪಗಳಿಂದ ಕಾಪಾಡಲಿ, ಈ ಹಗಲು ಮನಸ್ಸು, ಮಾತು, ಕೈಕಾಲುಗಳಿಂದ ಮಾಡಿದ್ದು ಅಳಿಯಲಿ ಎಂಬ ಪ್ರಾರ್ಥನೆ ಅದು. ಬೆಳಿಗ್ಗೆ ಅಗ್ನಿಯ ಜಾಗದಲ್ಲಿ ಸೂರ್ಯ, ರಾತ್ರಿಯ ಲೆಕ್ಕ. ಮನ್ಯು ಅಂದರೆ ಕೋಪ. ಅರಿಷಡ್ವರ್ಗದಲ್ಲಿ ಆರಿದ್ದರೂ ದಿನಕ್ಕೆರಡು ಬಾರಿ ಹೆಸರು ಹಿಡಿದು ತೊಳೆಯುವುದು ಇದೊಂದನ್ನೇ. ಅರ್ಧ ನಿಮಿಷದಲ್ಲಿ ಗುಟುಕರಿಸಿ ಮುಂದೆ ಹೋಗ್ತೀವಿ, ಅದೇ ನಮ್ಮ ತೊಂದರೆ. ಇಂದಿನಿಂದ ಆ ನೀರು ಕುಡಿಯುವ ಮುಂಚೆ ಒಂದು ಕ್ಷಣ ನಿಂತು, ಹಗಲು ಯಾರ ಮೇಲೆ ಕೂಗಾಡಿದೆ ಅಂತ ನೆನಪಿಸಿಕೊಳ್ಳಿ. ಸಂಧ್ಯಾವಂದನೆ ಇಲ್ಲದ ಮನೆಯವರು, ಹೆಂಗಸರು, ಸಂಜೆ ದೀಪ ಹಚ್ಚುವಾಗ ಇದನ್ನೇ ಮಾಡಬಹುದು, ಮಂತ್ರವೇ ಬೇಕೆಂದಿಲ್ಲ.

(ಶತ್ರುನಾಶಕ್ಕೆ ಮನ್ಯುಸೂಕ್ತ ಹೋಮ ಮಾಡಿಸಲೇ ಅಂತ ಪ್ರತಿ ತಿಂಗಳು ಒಂದಾದರೂ ಪತ್ರ ಬರುತ್ತೆ. ದಾಯಾದಿಗಳ ಸೈಟಿಗೆಲ್ಲ ಋಗ್ವೇದವನ್ನು ಎಳೆಯಬೇಡಿ ಅಂತ ಅವರಿಗೂ ಇಲ್ಲೇ ಹೇಳಿಬಿಡುತ್ತೇನೆ.)

ಕೋಪವನ್ನು ಒಳಗಿಟ್ಟುಕೊಂಡರೆ ಆರೋಗ್ಯ ಕೆಡುತ್ತೆ, ಹೊರಹಾಕಿಬಿಡಬೇಕು ಅಂತ ಈಗ ಕೆಲವರು ಹೇಳ್ತಾರೆ. ಚರಕಸಂಹಿತೆಯಲ್ಲಿ ಇದಕ್ಕೆ ಸ್ಪಷ್ಟವಾದ ವಿಂಗಡಣೆ ಇದೆ. ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ಮಲಮೂತ್ರ ಇವು ತಡೆಯಬಾರದ ವೇಗಗಳು. ಲೋಭ, ಶೋಕ, ಭಯ, ಕ್ರೋಧ ಮುಂತಾದವು ತಡೆಯಬೇಕಾದವು. ಗೀತೆಯ ಐದನೆಯ ಅಧ್ಯಾಯವೂ ಕಾಮಕ್ರೋಧಗಳಿಂದ ಹುಟ್ಟುವುದನ್ನು ವೇಗ ಅಂತಲೇ ಕರೆದು, ಅದನ್ನು ಸಹಿಸಬಲ್ಲವನೇ ಯೋಗಿ, ಸುಖಿ ಅನ್ನುತ್ತದೆ. ವೇಗ ಅಂದ ಮೇಲೆ ಅದು ಇಳಿಯಲೇಬೇಕು. ಇಳಿಯುವವರೆಗೆ ಬಾಯಿ ಮುಚ್ಚಿಕೊಂಡಿರುವುದಷ್ಟೇ ನಮ್ಮ ಕೆಲಸ. ನಿಮ್ಮ ಸಹೋದ್ಯೋಗಿ 40 ದಿನ ಮಾಡುತ್ತಿರುವುದೂ ಇಷ್ಟೇ ಇರಬೇಕು. ನಿಮಗೆ ಅಷ್ಟು ದಿನದ ಸಂಕಲ್ಪ ಕಷ್ಟವಾದರೆ, ತಿಥಿಯ ಹಿಂದಿನ ದಿನದ ಒಪ್ಪತ್ತಿನಿಂದ ಮರುದಿನದವರೆಗೆ ದನಿ ಏರಿಸುವುದಿಲ್ಲ ಅಂತ ಶುರುಮಾಡಿ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ಹಾಗೆ.

ಬೇರೆ ಬೇರೆ ಶ್ರಾದ್ಧ ಮಾಡುತ್ತಿರುವುದಕ್ಕೆ ಕೊರಗಬೇಡಿ. ವಿಭಾಗವಾದ ಅಣ್ಣತಮ್ಮಂದಿರು ಪ್ರತ್ಯೇಕವಾಗಿ ಮಾಡುವುದೇ ಕ್ರಮ. ಮಾತು ಬಿಟ್ಟಿರುವುದು ಬೇರೆ ವಿಷಯ. ನೀವೇ ಫೋನ್ ಮಾಡಿ. ಮಾಡಿದರೆ ಸೈಟು ಬಿಟ್ಟುಕೊಟ್ಟ ಹಾಗೆ ಆಗುವುದಿಲ್ಲ. ಅದಕ್ಕೆ ವಕೀಲರಿದ್ದಾರೆ, ದಾಖಲೆಗಳಿವೆ, ಅದರ ಪಾಡಿಗೆ ಅದು ನಡೆಯಲಿ. ಮೊದಲನೇ ಫೋನಿನಲ್ಲಿ ಆ ಮಾತು ತೆಗೆಯಲೇಬೇಡಿ.

ಏನಂತ ಮಾತಾಡೋದು ಅನ್ನುತ್ತೀರಾ? ತಿಥಿ ಎರಡು ದಿನಕ್ಕೆ ಹಂಚಿಕೊಂಡಾಗ ಪಂಚಾಂಗದಿಂದ ಪಂಚಾಂಗಕ್ಕೆ ದಿನ ಬದಲಾಗುವುದುಂಟು. "ಅಣ್ಣಾ, ಅಪ್ಪನ ತಿಥಿ ಈ ಸಲ ಯಾವತ್ತು ಇಟ್ಕೊಂಡಿದೀಯ?" ಅಂತ ಕೇಳಿ. ಇಬ್ಬರೂ ಒಂದೇ ದಿನ ಮಾಡುವಂತಾದರೆ ಅಷ್ಟೇ ಸಾಕು ಈ ವರ್ಷಕ್ಕೆ. ಅವರು ಫೋನ್ ಎತ್ತದಿದ್ದರೆ ಅತ್ತಿಗೆಗೆ ಮಾಡಿ.